ದನಿ ಒಡೆಯದಂತೆ ಏರಿಸುವ ಒಂದು ಗುಂಡಿಯ ಪೆಡಲ್

ಗಣೇಶೋತ್ಸವದ ದಿನಗಳಲ್ಲಿ ಬೆಳಗಾವಿಯ ಗಲ್ಲಿಗಳಲ್ಲಿ ನಡೆಯುವ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರಿಗೆಲ್ಲ ಒಂದು ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಪಲ್ಲವಿ, ಚರಣಗಳ ಹಿಂದೆ ಕಾರ್ಡ್ ಹಿಡಿದಿರುವಷ್ಟು ಹೊತ್ತು ಸರಿಯಾಗಿಯೇ ಕೇಳಿಸುವ ಗಿಟಾರು, ನಡುವಿನ ಬಿಜಿಎಂನಲ್ಲಿ ಒಂಟಿ ತಂತಿಯ ಮೇಲೆ ಲೀಡ್ ನುಡಿಸುವ ಹೊತ್ತಿಗೆ ಕೀಬೋರ್ಡು ಮತ್ತು ಆಕ್ಟೋಪ್ಯಾಡುಗಳ ಅಡಿಯಲ್ಲಿ ಸಿಕ್ಕಿ ಕೇಳಿಸದಂತಾಗುತ್ತದೆ. ಮಿಕ್ಸರಿನ ಮುಂದೆ ಕುಳಿತವರು ಸರಿಯಾಗಿ ಆ ಕ್ಷಣಕ್ಕೇ ನಮ್ಮ ಫೇಡರನ್ನು ಏರಿಸಿಕೊಡಲಿ ಎಂದು ಬಯಸುವುದು ನ್ಯಾಯವಲ್ಲ, ಏಕೆಂದರೆ ಅವರ ಗಮನವೆಲ್ಲ ಹಾಡುವವರ ಮೈಕಿನ ಮೇಲಿರುತ್ತದೆ. ಕಾಲಿನಿಂದ ಒಮ್ಮೆ ಒತ್ತಿದರೆ ದನಿ ಒಂದಿಷ್ಟು ಏರಬೇಕು, ಇನ್ನೊಮ್ಮೆ ಒತ್ತಿದರೆ ಮೊದಲಿದ್ದಲ್ಲಿಗೆ ಇಳಿಯಬೇಕು, ಏರಿದಾಗ ಗಿಟಾರಿನ ಸ್ವಭಾವ ಮಾತ್ರ ಬದಲಾಗಬಾರದು. ಇಷ್ಟು ಕೆಲಸ ಮಾಡುವ ಪೆಡಲಿಗೆ ಕ್ಲೀನ್ ಬೂಸ್ಟ್ ಎನ್ನುತ್ತಾರೆ.

ಪೆಡಲುಗಳಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲವೆಂದು ಹೇಳಿ, ಮೊದಲ ಬಾರಿ ಸೋಲ್ಡರಿಂಗ್ ಐರನ್ ಹಿಡಿದವರ ಕೈಗೆ ಒಂದೇ ಟ್ರಾನ್ಸಿಸ್ಟರಿನ ಸರ್ಕಿಟ್ ಚಿತ್ರವೊಂದನ್ನು ಕೊಟ್ಟುಬಿಡುವುದು ರೂಢಿಯಾಗಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ಆ ಸರ್ಕಿಟ್ಟುಗಳು ದನಿಯನ್ನು ಏರಿಸುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕ್ಲೀನ್ ಎನ್ನುವ ಮಾತು ನಿಜವಾಗಬೇಕಾದರೆ ಎರಡು ವಿಷಯಗಳನ್ನು ನೋಡಬೇಕಾಗುತ್ತದೆ: ಪೆಡಲಿನ ಇನ್‌ಪುಟ್ಟು ತಂತಿಯ ಕಂಪನವನ್ನು ಸಿಗ್ನಲ್ಲಾಗಿ ಬದಲಿಸುವ ಗಿಟಾರಿನ ಪಿಕಪ್ಪಿಗೆ ಎಷ್ಟು ಭಾರವಾಗುತ್ತದೆ ಎನ್ನುವುದು ಒಂದು, ನಾವು ತಿರುಗಿಸುವ ಗುಂಡಿ ಸರ್ಕಿಟ್ಟಿನ ಯಾವ ಜಾಗದಲ್ಲಿದೆ ಎನ್ನುವುದು ಇನ್ನೊಂದು.

ಉದಾಹರಣೆಗೆ ಎಲ್ಲರಿಗೂ ಪರಿಚಿತವಾದ ಎಲ್‌ಪಿಬಿ-1 ಎಂಬ ಬೂಸ್ಟ್ ಪೆಡಲನ್ನೇ ತೆಗೆದುಕೊಳ್ಳೋಣ. ಮೈಕ್ ಮ್ಯಾಥ್ಯೂಸ್ ಅವರು 1968ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಮೊದಮೊದಲ ಸರಕು ಇದು. ಇದನ್ನು ರೂಪಿಸಿದವರು ಬಾಬ್ ಮೇಯರ್. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್ ಕಂಟ್ರೋಲ್ ಸೇರಿದರೆ ಪೆಡಲ್ ಮುಗಿಯಿತು. ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ 10 ಕಿಲೋ ಓಮ್, ಎಮಿಟರ್ ಎಂಬ ಕಾಲಿನಲ್ಲಿ 390 ಓಮ್ ಇರುವುದರಿಂದ ಸಿಗ್ನಲ್ಲು ಇಪ್ಪತ್ತಕ್ಕೂ ಹೆಚ್ಚು ಪಟ್ಟು ದೊಡ್ಡದಾಗುತ್ತದೆ. ಗುಂಡಿ ಇರುವುದು ಇದೆಲ್ಲ ಆದ ಮೇಲೆ, ಔಟ್‌ಪುಟ್ಟಿನಲ್ಲಿ. ಅಂದರೆ ಗುಂಡಿಯನ್ನು ಎಷ್ಟೇ ಇಳಿಸಿದರೂ ಟ್ರಾನ್ಸಿಸ್ಟರ್ ಮಾತ್ರ ಯಾವಾಗಲೂ ಪೂರ್ತಿ ಪಟ್ಟಿನಲ್ಲೇ ದುಡಿಯುತ್ತಿರುತ್ತದೆ. ಪಿಕಪ್ಪಿನಿಂದ 200 ಮಿಲಿವೋಲ್ಟಿನ ಏರು ಬಂದರೆ ಅದು ಒಳಗೇ ನಾಲ್ಕು ವೋಲ್ಟು ದಾಟುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ಅಷ್ಟಕ್ಕೆ ಜಾಗವಿಲ್ಲದೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಹೀಗೆ ಒಡೆದ ದನಿಯನ್ನು ಆಮೇಲೆ ಗುಂಡಿ ತಗ್ಗಿಸಿ ಕೊಡುತ್ತದೆಯಷ್ಟೆ. ವಾಲ್ವ್ ಆಂಪನ್ನು ಒರಟಾಗಿ ತಳ್ಳಬೇಕೆನ್ನುವವರಿಗೆ ಈ ಒಡಕೇ ಇಷ್ಟ, ಅದಕ್ಕಾಗಿಯೇ ಆ ಪೆಡಲಿಗೆ ಇಂದಿಗೂ ಬೇಡಿಕೆಯಿದೆ. ಆರ್ಕೆಸ್ಟ್ರಾದಲ್ಲಿ ಹಳೆಯ ಹಾಡಿನ ಲೀಡನ್ನು ತಿಳಿಯಾಗಿ ಕೇಳಿಸಬೇಕಾದವರಿಗೆ ಅದು ಹೊಂದುವುದಿಲ್ಲ.

ಇನ್‌ಪುಟ್ಟಿನ ಭಾರದ ಮಾತನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು. ಅದೇ ಎಲ್‌ಪಿಬಿ-1ರಲ್ಲಿ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ವೋಲ್ಟೇಜ್ ಕೊಡುವ ಎರಡು ರೆಸಿಸ್ಟರುಗಳು 430 ಮತ್ತು 43 ಕಿಲೋ ಓಮ್. ಸಿಗ್ನಲ್ಲಿನ ದೃಷ್ಟಿಯಿಂದ ಇವೆರಡೂ ಪ್ಯಾರಲಲ್ ಆಗಿರುವುದರಿಂದ 39 ಕಿಲೋ ಓಮಿಗೆ ಇಳಿಯುತ್ತವೆ. ಟ್ರಾನ್ಸಿಸ್ಟರಿನ ಸ್ವಂತ ಪಾಲನ್ನೂ ಸೇರಿಸಿದರೆ ಗಿಟಾರಿಗೆ ಕಾಣುವುದು ಹೆಚ್ಚುಕಡಿಮೆ 27 ಕಿಲೋ ಓಮ್. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯ ತಂತಿ, ಆದ್ದರಿಂದ ಅದೊಂದು ದೊಡ್ಡ ಇಂಡಕ್ಟರ್ ಕೂಡ ಹೌದು. ಸಿಂಗಲ್ ಕಾಯಿಲ್ ಪಿಕಪ್ಪಿನಲ್ಲಿ ಎರಡೂವರೆ ಹೆನ್ರಿ ಇದೆ ಎಂದು ಹಿಡಿದರೆ, 200 ಹರ್ಟ್ಸ್‌ನ ಮಂದ್ರ ಸ್ವರಕ್ಕೆ ಅದರ ತಡೆ 3 ಕಿಲೋ ಓಮ್ ಮಾತ್ರ, ಆದರೆ 4000 ಹರ್ಟ್ಸ್‌ನ ಹೊತ್ತಿಗೆ ಅದು 63 ಕಿಲೋ ಓಮ್ ಮುಟ್ಟುತ್ತದೆ. 27 ಕಿಲೋ ಓಮಿನ ಭಾರಕ್ಕೆ ಎದುರಾಗಿ ಈ ತಡೆಯೂ ತಂತಿಯ ಸ್ವಂತ ರೆಸಿಸ್ಟೆನ್ಸೂ ಸೇರಿ ಬಂದಾಗ ಮಂದ್ರದ ಸಿಗ್ನಲ್ಲಿನಲ್ಲಿ ಐದರಲ್ಲಿ ಒಂದು ಪಾಲು ಕಡಿಮೆಯಾದರೆ, ತಾರದ ಹೊಳಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ದನಿ ದೊಡ್ಡದಾಯಿತು, ಆದರೆ ಮೇಲೆ ಕಂಬಳಿ ಹೊದಿಸಿದಂತಾಯಿತು ಎಂದು ಹಲವರು ದೂರುವುದಕ್ಕೆ ಕಾರಣ ಇದು. ಇದನ್ನು ಟ್ರಾನ್ಸಿಸ್ಟರ್ ಬದಲಾಯಿಸಿ ಸರಿಪಡಿಸಲಾಗದು. ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿ, ಹಳೆಯ ಕಾಲದ ಕೆಪಾಸಿಟರ್ ಹುಡುಕಿ ತಂದು ಹಾಕಿ ಎನ್ನುವ ಸಲಹೆಗಳೂ ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೀಗಾಗಿ ನಾನು ಆರಿಸಿಕೊಂಡದ್ದು ಸಿಗ್ನಲ್ಲನ್ನು ಏರಿಸುವ ಐಸಿಯಾದ ಆಪ್-ಆಂಪನ್ನು. ಈ ದಾರಿಯೂ ಹೊಸದೇನಲ್ಲ, ಎಂಎಕ್ಸ್‌ಆರ್ ಕಂಪನಿಯ ಮೈಕ್ರೋ ಆಂಪ್ ಇದೇ ತತ್ವದ್ದು. ನನ್ನ ಡಬ್ಬಿಯೊಳಗೆ ಇರುವುದು ಟಿಎಲ್072. ಇದರ ಇನ್‌ಪುಟ್ಟಿನಲ್ಲಿ ಜೆಫೆಟ್‌ಗಳಿರುವುದರಿಂದ ಅದು ಪಿಕಪ್ಪಿನಿಂದ ಕರೆಂಟನ್ನು ಎಳೆಯುವುದಿಲ್ಲವೆಂದೇ ಹೇಳಬಹುದು. ಗಿಟಾರಿನಿಂದ ಬಂದ ಸಿಗ್ನಲ್ಲು 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಪಿನ್ 3ಕ್ಕೆ ಸೇರುತ್ತದೆ. ಅದೇ ಪಿನ್ನಿನಿಂದ 1 ಮೆಗಾ ಓಮ್ ರೆಸಿಸ್ಟರ್ ಅರ್ಧ ವೋಲ್ಟೇಜಿನ, ಅಂದರೆ ಪೆಡಲಿಗೆ ಕೊಟ್ಟ ವೋಲ್ಟೇಜಿನ ಅರ್ಧದಷ್ಟು ಇರುವ, ಬಿಂದುವಿಗೆ ಹೋಗುತ್ತದೆ. ಆ ಅರ್ಧ ವೋಲ್ಟೇಜನ್ನು ಎರಡು 10 ಕಿಲೋ ಓಮ್ ರೆಸಿಸ್ಟರ್ ಮತ್ತು ಒಂದು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ ಮಾಡಿಕೊಡುತ್ತವೆ. ಪೆಡಲ್ ಒತ್ತಿದಾಗ ‘ಟಪ್’ ಎನ್ನದಿರಲೆಂದು ಇನ್‌ಪುಟ್ಟಿನ ಬಾಯಿಯಲ್ಲೇ 2.2 ಮೆಗಾ ಓಮ್ ರೆಸಿಸ್ಟರೊಂದನ್ನು ಗ್ರೌಂಡಿಗೆ ಹಾಕಬೇಕು. ಎಲ್ಲ ಸೇರಿ ಗಿಟಾರಿಗೆ ಕಾಣುವುದು 690 ಕಿಲೋ ಓಮಿನಷ್ಟು, ಇದು ಸಾಮಾನ್ಯ ಆಂಪಿನ ಇನ್‌ಪುಟ್ಟಿಗೆ ಹತ್ತಿರದ ಅಂಕಿ.

ಎಷ್ಟು ಪಟ್ಟು ಏರಿಸಬೇಕೆಂಬುದನ್ನು ತೀರ್ಮಾನಿಸುವುದು ಪಿನ್ 1 ಮತ್ತು ಪಿನ್ 2ರ ನಡುವಿನ 100 ಕಿಲೋ ಓಮ್ ಪಾಟ್, ಅಂದರೆ ಗುಂಡಿ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್. ಪಿನ್ 2ರಿಂದ ಗ್ರೌಂಡಿಗೆ 10 ಕಿಲೋ ಓಮ್ ಮತ್ತು 1 ಮೈಕ್ರೋಫ್ಯಾರಡ್ ಸಾಲಾಗಿ ಹೋಗುತ್ತವೆ. ಪಾಟಿನ ಕಿಲೋ ಓಮ್ ಬೆಲೆಯನ್ನು ಹತ್ತರಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಬರುವುದೇ ಪಟ್ಟು: ಪೂರ್ತಿ ಇಳಿಸಿದರೆ 1, ಪೂರ್ತಿ ಏರಿಸಿದರೆ 11, ಅಂದರೆ ಸೊನ್ನೆಯಿಂದ ಸುಮಾರು 21 ಡೆಸಿಬೆಲ್‌ವರೆಗೆ. ಗುಂಡಿಯನ್ನು ಇಳಿಸಿದಾಗ ಇಲ್ಲಿ ಆಪ್-ಆಂಪೇ ಕಡಿಮೆ ಏರಿಸುತ್ತದೆ, ಏರಿಸಿದ್ದನ್ನು ಆಮೇಲೆ ತಗ್ಗಿಸುವ ಮಾತಿಲ್ಲ. ದನಿ ತಿಳಿಯಾಗಿ ಉಳಿಯುವ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಪಾಟಿಗೆ ಪ್ಯಾರಲಲ್ ಆಗಿ 47 ಪಿಕೋಫ್ಯಾರಡ್ ಹಾಕಿದರೆ ಕಿವಿಗೆ ಕೇಳಿಸದ ಎತ್ತರದಲ್ಲಿ ಸರ್ಕಿಟ್ಟು ತಾನಾಗಿ ಕೂಗುವುದು ತಪ್ಪುತ್ತದೆ. ಔಟ್‌ಪುಟ್ಟಿನಲ್ಲಿ 470 ಓಮ್, ಅನಂತರ 1 ಮೈಕ್ರೋಫ್ಯಾರಡ್, ಕೊನೆಗೆ ಗ್ರೌಂಡಿಗೆ 100 ಕಿಲೋ ಓಮ್.

ಟಿಎಲ್072ರಲ್ಲಿ ಎರಡು ಆಪ್-ಆಂಪ್‌ಗಳಿದ್ದು ನಮಗೆ ಬೇಕಾಗುವುದು ಒಂದೇ. ಇನ್ನೊಂದನ್ನು ಹಾಗೆಯೇ ತೆರೆದು ಬಿಡಬಾರದು, ಪಿನ್ 6 ಮತ್ತು 7ನ್ನು ಜೋಡಿಸಿ ಪಿನ್ 5ನ್ನು ಅರ್ಧ ವೋಲ್ಟೇಜಿಗೆ ಕಟ್ಟಿಹಾಕಬೇಕು.

ಬಿಡಿಭಾಗಗಳ ವಿಷಯದಲ್ಲಿ ಬೆಳಗಾವಿಯವರು ತೀರ ದೂರು ಹೇಳುವಂತಿಲ್ಲ. ವಿಟಿಯು ಇರುವ ಊರು, ಸುತ್ತಮುತ್ತ ಇಂಜಿನಿಯರಿಂಗ್ ಕಾಲೇಜುಗಳು, ಪ್ರಾಜೆಕ್ಟಿಗೆಂದು ಹುಡುಗರು ಅಂಗಡಿಗಳಿಗೆ ಬರುತ್ತಲೇ ಇರುತ್ತಾರೆ. ಆದ್ದರಿಂದ ರೆಸಿಸ್ಟರು, ಐಸಿ ಬೇಸು, ಝೀರೋ ಪಿಸಿಬಿಗಳೆಲ್ಲ ಪೇಟೆಯಲ್ಲೇ ಸಿಗುತ್ತವೆ. ಖಡೇ ಬಜಾರಿನ ಕಡೆಯ ನನ್ನ ಪರಿಚಯದ ಅಂಗಡಿಯ ಹಿರಿಯರಿಗೆ ಗಿಟಾರ್ ಪೆಡಲಿನ ಗಂಧವಿಲ್ಲದಿದ್ದರೂ ಆಡಿಯೋ ಸಾಮಾನಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಕಡಿಮೆ.

“ಯಾವ ಆಂಪ್ಲಿಫೈರಿಗ್ರೀ ಸರ?”

“ಗಿಟಾರಿಗ್ರೀ ಕಾಕಾ. ಒಂದು ಸಣ್ಣ ಪ್ರೀ-ಆಂಪ್ ಮಾಡಾಕತ್ತೀನಿ.”

“ಹಂಗಾರ 4558 ಒಯ್ರಲಾ. ಎಲ್ಲಾ ಹೋಮ್ ಥೇಟರಿನಾಗೂ ಅದ ಇರತೈತಿ.”

ಅವರು ಹೇಳಿದ್ದು ತಪ್ಪಲ್ಲ. ಐಬನೇಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಎನ್ನುವ ಜಗತ್ಪ್ರಸಿದ್ಧ ಓವರ್‌ಡ್ರೈವ್ (ದನಿಯನ್ನು ಬೇಕೆಂದೇ ಒಡೆಯುವ) ಪೆಡಲಿನಲ್ಲಿ ಇರುವುದೂ ಅದೇ 4558, ಪಿನ್ನುಗಳ ಜೋಡಣೆಯೂ ಟಿಎಲ್072ರಂತೆಯೇ. ಐಸಿ ಬೇಸ್ ಹಾಕಿದ್ದರೆ ಎರಡನ್ನೂ ಚುಚ್ಚಿ ಕೇಳಿ ನೋಡಬಹುದು. ಕಾಲೇಜಿನ ಲ್ಯಾಬುಗಳಲ್ಲಿ ಬಳಸುವ 741 ಸಿಕ್ಕರೂ ಇಲ್ಲಿಗೆ ಬೇಡ, ಅದರದು ಒಂಟಿ ಆಪ್-ಆಂಪಾದ್ದರಿಂದ ಪಿನ್ನುಗಳ ಜೋಡಣೆ ಬೇರೆ, ‘ಸುಯ್’ ಎನ್ನುವ ಹಿನ್ನೆಲೆಯ ಶಬ್ದವೂ ಹೆಚ್ಚು. ಗಿಟಾರಿನ ದೊಡ್ಡ ಸಾಕೆಟ್ಟನ್ನು ಕೇಳುವಾಗ ಕಾಲಿಂಚು ಎನ್ನುವುದಕ್ಕಿಂತ ಪಿ-38 ಎಂದರೆ ತಕ್ಷಣ ಕೈಗೆ ಬರುತ್ತದೆ. ಒಂದು ಮೋನೋ, ಒಂದು ಸ್ಟೀರಿಯೋ ತೆಗೆದುಕೊಳ್ಳಬೇಕು. ಇನ್‌ಪುಟ್ಟಿಗೆ ಸ್ಟೀರಿಯೋ ಸಾಕೆಟ್ ಹಾಕಿ ಅದರ ನಡುವಿನ ಎಲೆಗೆ ಬ್ಯಾಟರಿಯ ಮೈನಸ್ ಕೊಟ್ಟರೆ, ಗಿಟಾರಿನ ಮೋನೋ ಪಿನ್ನು ಒಳಗೆ ಹೋದಾಗ ಮಾತ್ರ ಪೆಡಲಿಗೆ ಕರೆಂಟ್ ಸಿಗುತ್ತದೆ. ಒಂಬತ್ತು ಕಾಲಿನ ತ್ರೀಪಿಡಿಟಿ ಫುಟ್‌ಸ್ವಿಚ್ ಮಾತ್ರ ಊರಿನಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲೇ ತರಿಸಿದೆ.

ಪಾಟ್ ಕೊಳ್ಳುವಾಗ ಅದರ ಬೆನ್ನ ಮೇಲಿನ ಅಕ್ಷರವನ್ನು ಓದಲೇಬೇಕು. ಬಿ ಎಂದಿದ್ದರೆ ಲೀನಿಯರ್, ಎ ಎಂದಿದ್ದರೆ ಲಾಗ್. ಲೀನಿಯರ್ ಹಾಕಿದರೆ ಗುಂಡಿ ಅರ್ಧ ತಿರುಗುವಷ್ಟರಲ್ಲಿ 6 ಪಟ್ಟು, ಅಂದರೆ ಹದಿನೈದೂವರೆ ಡೆಸಿಬೆಲ್ ಆಗಿಹೋಗುತ್ತದೆ, ಉಳಿದ ಅರ್ಧದಲ್ಲಿ ಸಿಗುವುದು ಐದೇ ಡೆಸಿಬೆಲ್. ನಮಗೆ ವೇದಿಕೆಯಲ್ಲಿ ನಿಜವಾಗಿ ಬೇಕಾದ ನಾಲ್ಕರಿಂದ ಎಂಟು ಡೆಸಿಬೆಲ್‌ಗಳ ಹರವೆಲ್ಲ ಮೊದಲ ಕಾಲು ಸುತ್ತಿನೊಳಗೆ ಇರುಕಿಕೊಂಡಿರುತ್ತದೆ. ಲಾಗ್ ಪಾಟಿನಲ್ಲಿ ನಡುವಿನ ಜಾಗದಲ್ಲಿ ಹತ್ತರಿಂದ ಹದಿನೈದು ಕಿಲೋ ಓಮ್ ಮಾತ್ರ ಇರುವುದರಿಂದ ಅರ್ಧ ಸುತ್ತಿಗೆ ಆರರಿಂದ ಎಂಟು ಡೆಸಿಬೆಲ್ ಬಂದು, ಕೈಗೆ ಹಿಡಿತ ಸಿಗುತ್ತದೆ. ಇನ್ನೊಂದು ಮಾತು: ಪಾಟಿನ ಮೂರು ಕಾಲುಗಳಲ್ಲಿ ಬಳಸದ ಮೂರನೆಯದನ್ನು ಖಾಲಿ ಬಿಡದೆ ನಡುವಿನ ಕಾಲಿಗೆ ಜೋಡಿಸಬೇಕು. ಧೂಳು ಕುಳಿತು ಒಳಗಿನ ಮುಳ್ಳು ಒಂದು ಕ್ಷಣ ಸಂಪರ್ಕ ತಪ್ಪಿದರೂ ಆಗ ಪಾಟು 100 ಕಿಲೋ ಓಮಿಗೆ ನಿಲ್ಲುತ್ತದೆ. ಜೋಡಿಸದಿದ್ದರೆ ಫೀಡ್‌ಬ್ಯಾಕ್ ದಾರಿಯೇ ಕಡಿದು, ಸ್ಪೀಕರಿನಲ್ಲಿ ಪಟಾಕಿ ಹೊಡೆದಂಥ ಸದ್ದಾಗುತ್ತದೆ.

ಸೋಲ್ಡರಿಂಗಿಗೆ 25 ವ್ಯಾಟಿನ ಐರನ್ ಮತ್ತು 60/40 ಸೋಲ್ಡರ್ ತಂತಿ ಸಾಕು. ಬೋರ್ಡಿನ ಕೆಲಸ ಒಂದು ಸಂಜೆಯದು, ಹೇಳಿಕೊಳ್ಳುವಂಥದ್ದೇನಿಲ್ಲ. ಎಚ್ಚರ ಬೇಕಾಗಿರುವುದು ಫುಟ್‌ಸ್ವಿಚ್ಚಿನಲ್ಲಿ. ಅದರ ಕಾಲುಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿವೆ, ಐರನ್ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಒಳಗಿನ ಗ್ರೀಸು ಕರಗಿ ಸಂಪರ್ಕದ ಮೇಲೆ ಹರಿಯುತ್ತದೆ, ಕಾಲೂ ಓರೆಯಾಗುತ್ತದೆ. ಮೊದಲು ಒಂಬತ್ತೂ ಕಾಲುಗಳಿಗೆ ತೆಳುವಾಗಿ ಸೋಲ್ಡರ್ ಸವರಿ, ತಂತಿಯ ತುದಿಗೂ ಸವರಿ, ಆಮೇಲೆ ಎರಡನ್ನೂ ಒಂದೆರಡು ಕ್ಷಣ ಮುಟ್ಟಿಸಿ ಬಿಡುವುದು ಕ್ಷೇಮ. ಅಕ್ಕಪಕ್ಕದ ಎರಡು ಕಾಲುಗಳಿಗೆ ಬೆನ್ನುಬೆನ್ನಿಗೆ ಹಚ್ಚದೆ, ನಡುವೆ ಸ್ವಿಚ್ಚು ಆರಲು ಬಿಡಬೇಕು. ಮೂರು ಸಾಲುಗಳಲ್ಲಿ ಒಂದು ಇನ್‌ಪುಟ್ಟಿಗೆ, ಒಂದು ಔಟ್‌ಪುಟ್ಟಿಗೆ, ಮೂರನೆಯದು ಎಲ್‌ಇಡಿಗೆ. ಪೆಡಲ್ ಆಫ್ ಇದ್ದಾಗ ಗಿಟಾರು ಸರ್ಕಿಟ್ಟನ್ನು ಮುಟ್ಟದೆ ನೇರವಾಗಿ ಆಚೆ ಹೋಗುವುದು ಈ ಸ್ವಿಚ್ಚಿನ ಉಪಕಾರ.

ಡಬ್ಬಿಯ ವಿಷಯ ಸ್ವಲ್ಪ ವಿಚಿತ್ರ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಹಿಂಡಾಲ್ಕೊ ಕಾರ್ಖಾನೆ ನಮ್ಮ ಊರಿನಲ್ಲಿದೆ, ಉದ್ಯಮಬಾಗದ ತುಂಬ ಫೌಂಡ್ರಿಗಳೂ ಮಷೀನ್ ಶಾಪುಗಳೂ ಇವೆ. ಆದರೂ 112 ಮಿಲಿಮೀಟರ್ ಉದ್ದ, 60 ಅಗಲ, 31 ಎತ್ತರದ ಎರಕದ ಅಲ್ಯುಮಿನಿಯಂ ಡಬ್ಬಿಯೊಂದನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ಹ್ಯಾಮಂಡ್ ಕಂಪನಿಯ 1590ಬಿ ಎನ್ನುವ ಅಳತೆಯ ಹೆಸರಿನಲ್ಲೇ ಅದರ ನಕಲುಗಳೂ ಮಾರಾಟವಾಗುತ್ತವೆ. ಸ್ಟೀಲಿನ ಊಟದ ಡಬ್ಬಿ ಸಾಲದೇ ಎಂದು ಕೇಳುವವರಿದ್ದಾರೆ. ಹೊರಗಿನ ಗೊಣಗು ಒಳಗೆ ಬಾರದಂತೆ ತಡೆಯಲು ಅದೂ ಸಾಕು, ಆದರೆ ಬೂಟಿನ ಕಾಲು ಬಿದ್ದರೆ ಮುಚ್ಚಳ ಒಳಗೆ ಬಗ್ಗುತ್ತದೆ. ತೂತು ಕೊರೆಯುವುದನ್ನು ಮನೆಯಲ್ಲಿ ಹ್ಯಾಂಡ್ ಡ್ರಿಲ್ಲಿನಿಂದ ಮಾಡುವುದಕ್ಕಿಂತ ಮೂರನೇ ರೈಲ್ವೆ ಗೇಟು ದಾಟಿ ಉದ್ಯಮಬಾಗಕ್ಕೆ ಹೋಗಿ, ಡ್ರಿಲ್ಲಿಂಗ್ ಮಷೀನಿನ ಮುಂದಿರುವವರಿಗೆ ಕೊಟ್ಟರೆ ಚಹಾ ಕುಡಿಯುವಷ್ಟರಲ್ಲಿ ಅಚ್ಚುಕಟ್ಟಾಗಿ ಆಗುತ್ತದೆ. ಸ್ವಿಚ್ಚಿಗೆ 12 ಮಿಲಿಮೀಟರ್, ಪಾಟಿಗೆ 7, ಎಲ್‌ಇಡಿಗೆ 5 ಎಂದು ಗುರುತು ಹಾಕಿ ಒಯ್ಯಬೇಕು.

ಅಡಾಪ್ಟರಿನ ಡಿಸಿ ಸಾಕೆಟ್ ಮಾತ್ರ ಪ್ಲಾಸ್ಟಿಕ್ ಮೈಯದೇ ಇರಬೇಕು. ಗಿಟಾರ್ ಪೆಡಲುಗಳ ಲೋಕದಲ್ಲಿ ಪಿನ್ನಿನ ನಡುಭಾಗ ಮೈನಸ್, ಹೊರಮೈ ಪ್ಲಸ್. ಉಳಿದ ಬಹುತೇಕ ಎಲ್ಲ ಅಡಾಪ್ಟರುಗಳಿಗೆ ಇದು ತಿರುಗುಮುರುಗು. ಲೋಹದ ಸಾಕೆಟ್ ಹಾಕಿದರೆ ಅದರ ಹೊರಮೈಯ ಪ್ಲಸ್ಸು ಡಬ್ಬಿಗೆ ತಾಗುತ್ತದೆ, ಡಬ್ಬಿಯೋ ಪಿ-38ರ ಮೂಲಕ ಗ್ರೌಂಡಿಗೆ ಸೇರಿರುತ್ತದೆ, ಅಲ್ಲಿಗೆ ಶಾರ್ಟು. ಯಾರೋ ವೇದಿಕೆಯ ಮೇಲೆ ಸಿಕ್ಕ ರೌಟರಿನ ಅಡಾಪ್ಟರನ್ನು ಚುಚ್ಚಿದರೂ ಐಸಿ ಉಳಿಯಲೆಂದು ಪ್ಲಸ್ಸಿನ ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್5817 ಡಯೋಡನ್ನು ಹಾಕಿದ್ದೇನೆ. ಸಾಮಾನ್ಯ ಡಯೋಡಿಗಿಂತ ಇದರಲ್ಲಿ ಕಳೆದುಹೋಗುವ ವೋಲ್ಟೇಜ್ ಕಡಿಮೆ. ಅದರ ನಂತರ 47 ಓಮ್ ಮತ್ತು 100 ಮೈಕ್ರೋಫ್ಯಾರಡ್ ಸೇರಿ ಅಗ್ಗದ ಅಡಾಪ್ಟರುಗಳ ಕೀರಲು ಸದ್ದನ್ನು ಬಹುಮಟ್ಟಿಗೆ ಅಳಿಸುತ್ತವೆ.

ಐಸಿ ಚುಚ್ಚಿ, ಗಿಟಾರ್ ಜೋಡಿಸುವ ಮೊದಲು ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ ಇಟ್ಟು ಮೂರು ಕಡೆ ನೋಡುವುದು ವಾಡಿಕೆ. ಐಸಿಗೆ ಪ್ಲಸ್ ಕೊಡುವ ಪಿನ್ 8ರಲ್ಲಿ 8.6 ವೋಲ್ಟ್ ಬಂದರೆ ಪಿನ್ 1ರಲ್ಲಿ ಅದರ ಅರ್ಧ, 4.3 ಬರಬೇಕು. ಪಿನ್ 3ರಲ್ಲೂ ಅಷ್ಟೇ ಇರಬೇಕಾದದ್ದು, ಆದರೆ ಮೀಟರು 3.9 ಎಂದು ತೋರಿಸುತ್ತದೆ. ಇದನ್ನು ಕಂಡು ಗಾಬರಿಯಾಗಿ ಬೋರ್ಡು ಬಿಚ್ಚುವವರುಂಟು. ಡಿಜಿಟಲ್ ಮೀಟರಿಗೆ ತನ್ನದೇ ಆದ 10 ಮೆಗಾ ಓಮ್ ಇರುತ್ತದೆ, ಅದು ನಮ್ಮ 1 ಮೆಗಾ ಓಮಿನೊಂದಿಗೆ ಸೇರಿ ಹನ್ನೊಂದರಲ್ಲಿ ಒಂದು ಪಾಲನ್ನು ತಾನೇ ತಿಂದುಬಿಡುತ್ತದೆ. ಮೀಟರ್ ತೆಗೆದ ಕೂಡಲೇ ವೋಲ್ಟೇಜು ಸ್ವಸ್ಥಾನಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ 50 ಹರ್ಟ್ಸ್‌ನ ಗುಂಯ್ ಕೇಳಿಸಿದರೆ ಪೆಡಲನ್ನು ಶಂಕಿಸುವ ಮುನ್ನ ಪ್ಲಗ್ಗನ್ನು ನೋಡಬೇಕು. ಹಳೆಯ ವಾಡೆಗಳ ಎರಡು ತೂತಿನ ಬೋರ್ಡುಗಳಲ್ಲಿ ಆಂಪಿಗೆ ಅರ್ಥಿಂಗೇ ಇರುವುದಿಲ್ಲ, ಅಲ್ಲಿ ಬೂಸ್ಟ್ ಒತ್ತಿದರೆ ಗಿಟಾರಿನೊಂದಿಗೆ ಗುಂಯ್ಗುಡುವುದೂ ಅಷ್ಟೇ ಪಟ್ಟು ಏರುತ್ತದೆ. ತಂತಿಗಳನ್ನು ಮುಟ್ಟಿದಾಗ ಕೈ ಚುರ್ ಎನ್ನುವಂತಿದ್ದರೆ ನುಡಿಸುವುದನ್ನು ನಿಲ್ಲಿಸಿ ಮೊದಲು ಅರ್ಥಿಂಗ್ ಸರಿಮಾಡಿಸಬೇಕು.

ಪೆಡಲುಗಳ ಸಾಲಿನಲ್ಲಿ ಇದನ್ನು ಎಲ್ಲಿಡಬೇಕೆಂಬುದು ಉದ್ದೇಶವನ್ನು ಅವಲಂಬಿಸಿದೆ. ಓವರ್‌ಡ್ರೈವಿನ ಮೊದಲು ಇಟ್ಟರೆ ಒಡಕು ಹೆಚ್ಚುತ್ತದೆಯೇ ಹೊರತು ದನಿ ಅಷ್ಟಾಗಿ ಏರುವುದಿಲ್ಲ, ನಂತರ ಇಟ್ಟರೆ ಒಡಕು ಇದ್ದಷ್ಟೇ ಇದ್ದು ದನಿ ಏರುತ್ತದೆ. ಲೀಡಿಗಾಗಿ ನಾನು ಇಡುವುದು ನಂತರವೇ, ಗುಂಡಿ ಅರ್ಧಕ್ಕಿಂತ ಮೇಲೆ ಹೋಗುವುದು ಅಪರೂಪ. ಎರಡು ಕಾಯಿಲ್‌ಗಳ ಹಂಬಕರ್ ಪಿಕಪ್ಪಿರುವ ಗಿಟಾರಿನಲ್ಲಿ ಎಲ್ಲ ತಂತಿಗಳನ್ನೂ ಜೋರಾಗಿ ಬಾರಿಸಿದಾಗ ಒಂದು ವೋಲ್ಟಿನವರೆಗೆ ಏರು ಬರಬಹುದು. ಟಿಎಲ್072ಕ್ಕೆ ಮೇಲೂ ಕೆಳಗೂ ಒಂದೂವರೆ ವೋಲ್ಟಿನಷ್ಟು ಜಾಗ ಬಿಟ್ಟೇ ಆಡಬೇಕಾದ್ದರಿಂದ ಒಂಬತ್ತು ವೋಲ್ಟಿನಲ್ಲಿ ಎರಡೂವರೆ ಪಟ್ಟಿನವರೆಗೆ ದನಿ ತಿಳಿಯಾಗಿದ್ದು ಆಮೇಲೆ ಒಡೆಯತೊಡಗುತ್ತದೆ. ಇನ್ನೂ ಬೇಕೆನ್ನುವವರು ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 18 ವೋಲ್ಟ್ ಕೊಡಬಹುದು. ಐಸಿ 36 ವೋಲ್ಟಿನವರೆಗೆ ತಾಳುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಮಾತ್ರ 25 ವೋಲ್ಟಿನವು ಇರಬೇಕು. ಆ 18 ವೋಲ್ಟನ್ನು ಪಕ್ಕದ ಬೇರೆ ಪೆಡಲಿಗೆ ಮರೆತೂ ಚುಚ್ಚಬಾರದು. ಕರೆಂಟಿನ ಖರ್ಚು ಎಲ್‌ಇಡಿಯೂ ಸೇರಿ ಐದು ಮಿಲಿಆಂಪಿಯರ್ ಆಸುಪಾಸು ಇರುವುದರಿಂದ ಒಂದು ಆಲ್ಕಲೈನ್ ಬ್ಯಾಟರಿ ಸುಮಾರು ನೂರು ಗಂಟೆ ಬಾಳುತ್ತದೆ.

ಭಜನೆಯಲ್ಲೋ ಚರ್ಚಿನ ಹಾಡುಗಳಲ್ಲೋ ಪೀಜೋ ಪಿಕಪ್ಪಿನ ಅಕೌಸ್ಟಿಕ್ ಗಿಟಾರ್ ನುಡಿಸುವವರು ಇದೇ ಸರ್ಕಿಟ್ಟಿನಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಬೇಕು. ಪೀಜೋ ಎನ್ನುವುದು ಒಂದು ನ್ಯಾನೋಫ್ಯಾರಡ್ ಆಸುಪಾಸಿನ ಸಣ್ಣ ಕೆಪಾಸಿಟರಿನಂತೆ ವರ್ತಿಸುತ್ತದೆ, 690 ಕಿಲೋ ಓಮಿಗೆ ಅದನ್ನು ಜೋಡಿಸಿದರೆ 230 ಹರ್ಟ್ಸ್‌ಗಿಂತ ಕೆಳಗಿನ ಮಂದ್ರವೆಲ್ಲ ತೆಳ್ಳಗಾಗುತ್ತದೆ. 1 ಮೆಗಾ ಓಮ್ ಮತ್ತು 2.2 ಮೆಗಾ ಓಮ್ ಇರುವ ಎರಡೂ ಜಾಗಗಳಲ್ಲಿ 10 ಮೆಗಾ ಓಮ್ ಹಾಕಿದರೆ ಆ ಗೆರೆ 32 ಹರ್ಟ್ಸ್‌ಗೆ ಇಳಿಯುತ್ತದೆ, ಗಿಟಾರಿನ ಅತಿ ಕೆಳಗಿನ ತಂತಿಯ 82 ಹರ್ಟ್ಸ್ ಆರಾಮವಾಗಿ ದಾಟುತ್ತದೆ. ಹೀಗೆ ಮಾಡುವವರು ಮಾತ್ರ ಅಂಗಡಿಯ ಕಾಕಾ ಕೊಡುವ 4558 ಹಾಕುವಂತಿಲ್ಲ. ಅದರ ಇನ್‌ಪುಟ್ಟು ಎಳೆಯುವ ಅಲ್ಪ ಕರೆಂಟೂ 10 ಮೆಗಾ ಓಮಿನಲ್ಲಿ ಹರಿದಾಗ ಪಿನ್ 3ರ ವೋಲ್ಟೇಜನ್ನು ಅರ್ಧದಿಂದ ಪಕ್ಕಕ್ಕೆ ಸರಿಸುತ್ತದೆ, ಟಿಎಲ್072ರಲ್ಲಿ ಆ ತೊಂದರೆಯಿಲ್ಲ.